ಯೋಗ ಶಿಕ್ಷಕರಾಗಲು ಹೊರಟವರಿಗೆ

ಗದಗ ತಾಲ್ಲೂಕಿನ ಅಸುಂಡಿಯಂಥ ಊರಿನಲ್ಲಿ ಕುಳಿತು ಯೋಗ ಶಿಕ್ಷಕರಾಗಬೇಕೆಂದು ಮನಸ್ಸು ಮಾಡಿದವರ ಮೊಬೈಲ್‌ಗೆ ಎರಡೇ ದಿನದಲ್ಲಿ ಜಾಹೀರಾತುಗಳ ಮಳೆ ಸುರಿಯುತ್ತದೆ. ಋಷಿಕೇಶ, ಗೋಕರ್ಣ, ಮೈಸೂರು, ಗೋವಾ. ಇನ್ನೂರು ಗಂಟೆಯ ಕೋರ್ಸು, ಮುನ್ನೂರು ಗಂಟೆಯ ಕೋರ್ಸು. ‘ಅಂತರರಾಷ್ಟ್ರೀಯ ಮಾನ್ಯತೆ’, ‘ನೂರಕ್ಕೆ ನೂರು ಉದ್ಯೋಗ’. ಎಲ್ಲದರಲ್ಲೂ ಒಂದೇ ಬಗೆಯ ಚಿತ್ರ: ನದಿ ದಂಡೆಯ ಮೇಲೆ ಯಾರೋ ಶೀರ್ಷಾಸನ ಹಾಕಿರುತ್ತಾರೆ. ಇದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸುವುದು ಹೊಸಬರಿಗೆ ಕಷ್ಟ. ಕೈಯಲ್ಲಿರುವ ಹಣ ಒಂದು ಸಲದ ಕೋರ್ಸಿಗೆ ಮಾತ್ರ ಸಾಕಾಗುವ ಮನೆಯವರಿಗಂತೂ ಇಲ್ಲಿ ತಪ್ಪು ಮಾಡುವ ಅವಕಾಶವೇ ಇಲ್ಲ. ಅಂಥವರಿಗಾಗಿ ಈ ಬರಹ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯೋಗ ಮಾಡುವುದು ಬೇರೆ, ಯೋಗ ಕಲಿಸುವುದು ಬೇರೆ. ಆಸನ ಚೆನ್ನಾಗಿ ಹಾಕಲು ಕಲಿಯಬೇಕೆಂದರೆ ಊರು ಬಿಟ್ಟು ಹೋಗಬೇಕಾಗಿಲ್ಲ. ಗದಗ–ಬೆಟಗೇರಿಯಲ್ಲೇ ಬೆಳಗಿನ ತರಗತಿಗೆ ಒಂದು ವರ್ಷ ತಪ್ಪದೆ ಹೋದರೆ ಸಾಕು. ವಸತಿ ತರಬೇತಿಗೆ ಹೋಗುವುದು ಕಲಿಸುವ ಕಲೆಗಾಗಿ. ಆದ್ದರಿಂದ ಯಾವ ಸಂಸ್ಥೆಯನ್ನೇ ವಿಚಾರಿಸಿ, ಮೊದಲ ಪ್ರಶ್ನೆ ಇದೇ ಆಗಿರಲಿ: ‘ಈ ಕೋರ್ಸಿನಲ್ಲಿ ನಾನು ಎಷ್ಟು ಸಲ ಎದ್ದು ನಿಂತು ಬೇರೆಯವರಿಗೆ ಪಾಠ ಮಾಡುತ್ತೇನೆ? ನಾನು ಮಾಡಿದ ಪಾಠವನ್ನು ಕುಳಿತು ನೋಡಿ ತಿದ್ದುವವರು ಯಾರು?’ ಇದಕ್ಕೆ ನೇರ ಉತ್ತರ ಕೊಡುವ ಸಂಸ್ಥೆಯನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಮಾತು ಹಾರಿಸಿ ಕಟ್ಟಡ, ಹಸಿರು ಪರಿಸರ, ಪ್ರಮಾಣಪತ್ರದ ಬಗ್ಗೆ ಹೇಳತೊಡಗಿದರೆ ಆ ಹೆಸರು ಹೊಡೆದು ಹಾಕಿ.

ಗುರುವಿನ ಜತೆ ಒಂದೇ ಸೂರಿನಡಿ ಇದ್ದು ಕಲಿಯುವುದೆಂದರೇನೆಂದು ಗದಗ ಸೀಮೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮ ನಮ್ಮ ಕಣ್ಣೆದುರಿಗೇ ಇದೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳನ್ನು ಆಶ್ರಮದಲ್ಲೇ ಇರಿಸಿಕೊಂಡು ಸಂಗೀತಗಾರರನ್ನಾಗಿ ಮಾಡಿದರು. ಅಲ್ಲಿ ಕಲಿತವರು ಊರೂರಿಗೆ ಹೋಗಿ ಸಂಗೀತ ಶಿಕ್ಷಕರಾದರು. ಬೆಳಗಿನ ಜಾವದ ಸಾಧನೆ, ಮಧ್ಯಾಹ್ನದ ಪಾಠ, ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಹೇಳಿಕೊಡುವ ರೂಢಿ, ಎಲ್ಲರಿಗೂ ಒಂದೇ ಪಂಕ್ತಿಯ ಪ್ರಸಾದ. ಒಳ್ಳೆಯ ಯೋಗ ವಸತಿ ಕೋರ್ಸಿನ ಅಳತೆಗೋಲು ಇದಕ್ಕಿಂತ ಬೇರೆಯಲ್ಲ. ವ್ಯತ್ಯಾಸ ಅವಧಿಯಲ್ಲಿದೆ: ಅಲ್ಲಿ ವರ್ಷಗಟ್ಟಲೆ, ಇಲ್ಲಿ ಒಂದು ತಿಂಗಳು. ಆ ಒಂದು ತಿಂಗಳಿನಲ್ಲಿ ಏನಾಗುತ್ತದೆ, ಏನು ಆಗುವುದಿಲ್ಲ ಎಂಬುದು ಹೋಗುವವರಿಗೆ ಗೊತ್ತಿರಬೇಕು.

ನಮ್ಮ ನೆಲದ ನಂಟು

ಇವತ್ತು ಜಗತ್ತಿನ ತುಂಬ ನಡೆಯುತ್ತಿರುವ ಆಸನ ತರಗತಿಗಳಲ್ಲಿ ದೊಡ್ಡದೊಂದು ಪಾಲು ಕನ್ನಡ ನೆಲದಿಂದ ಹೊರಟಿದ್ದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು 1933ರಲ್ಲಿ ಜಾಗ ಕೊಟ್ಟರು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲೇ ಅಚ್ಚಾಯಿತು. ಅವರ ಬಳಿ ಕಲಿತ ಪಟ್ಟಾಭಿ ಜೋಯಿಸರು ಹಾಸನದ ಕಡೆಯವರು, ಬಿ.ಕೆ.ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು.

ಅಯ್ಯಂಗಾರರು ಶಿಕ್ಷಕರಾದದ್ದು ನಮ್ಮ ಉತ್ತರ ಕರ್ನಾಟಕದಲ್ಲಿ. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರನ್ನು ಕರೆದುಕೊಂಡು ಈ ಕಡೆ ಪ್ರವಾಸ ಬಂದರು. ಧಾರವಾಡದಲ್ಲಿ ಹೆಣ್ಣುಮಕ್ಕಳು ತಮಗೂ ಯೋಗ ಕಲಿಸಬೇಕೆಂದು ಕೇಳಿದಾಗ, ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವನೆಂದು ಹದಿನೇಳರ ಅಯ್ಯಂಗಾರರಿಗೆ ಆ ಕೆಲಸ ಒಪ್ಪಿಸಿದರು. ಅದೇ ಪ್ರವಾಸದಲ್ಲಿ ಅವರ ಪ್ರದರ್ಶನ ಕಂಡಿದ್ದ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ ಅವರ ಮೂಲಕ 1937ರಲ್ಲಿ ಪುಣೆಯಿಂದ ಕರೆ ಬಂತು. ಮುಂದಿನದು ಲೋಕಕ್ಕೇ ಗೊತ್ತು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಆ ಹುಡುಗನ ಕೈಯಲ್ಲಿ ಯಾವ ಪ್ರಮಾಣಪತ್ರವೂ ಇರಲಿಲ್ಲ; ಕಲಿಸುತ್ತ ಕಲಿಸುತ್ತಲೇ, ಎದುರಿಗಿದ್ದವರ ಮೈ ನೋಡುತ್ತಲೇ ಶಿಕ್ಷಕನಾದ. ಇಂದಿಗೂ ಅಯ್ಯಂಗಾರ್ ಪದ್ಧತಿಯಲ್ಲಿ ತಿಂಗಳೊಪ್ಪತ್ತಿನಲ್ಲಿ ಶಿಕ್ಷಕರಾಗಲು ಬರುವುದಿಲ್ಲ. ಹಲವು ವರ್ಷ ಒಬ್ಬ ಶಿಕ್ಷಕರ ಬಳಿ ಅಭ್ಯಾಸ ಮಾಡಿದ ಮೇಲೆಯೇ ಪರೀಕ್ಷೆ.

ಇನ್ನು ಹಳ್ಳಿಗಳಿಗೆ ಯೋಗ ತಲುಪಿಸಿದವರೆಂದರೆ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು ಊರೂರು ತಿರುಗಿ ಯೋಗಾಸನ ಶಿಬಿರ ನಡೆಸಿದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. ಹಳ್ಳಿಯ ಶಾಲಾ ಮೇಷ್ಟ್ರು, ರೈತರು, ಹುಡುಗರನ್ನು ಮುಂದಿಟ್ಟುಕೊಂಡು ಕಲಿಸಿದ ಅವರ ದಾರಿ ಅಸುಂಡಿಯವರಿಗೆ ಋಷಿಕೇಶದ ಜಾಹೀರಾತಿಗಿಂತ ಹತ್ತಿರದ್ದು ಎಂದೇ ನನ್ನ ಭಾವನೆ.

ಇನ್ನೂರು ಗಂಟೆಯ ಲೆಕ್ಕ

‘200 ಗಂಟೆ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಇದಕ್ಕೆ ಎರಡು ಮೂಲಗಳಿವೆ. ಒಂದು, ಅಮೆರಿಕದ ಯೋಗ ಅಲಯನ್ಸ್ ಎಂಬ ಸಂಸ್ಥೆ. ಅದು ಯೋಗ ಶಾಲೆಗಳ ಹೆಸರು ನೋಂದಾಯಿಸಿಕೊಳ್ಳುವ ಖಾಸಗಿ, ಲಾಭರಹಿತ ಸಂಘಟನೆ. ಅದರ 200 ಗಂಟೆಯ ಮಾನದಂಡದಲ್ಲಿ ಆಸನ, ಪ್ರಾಣಾಯಾಮ, ಧ್ಯಾನದ ಅಭ್ಯಾಸಕ್ಕೆ 75 ಗಂಟೆ, ಶರೀರಶಾಸ್ತ್ರಕ್ಕೆ 30, ಯೋಗದ ಇತಿಹಾಸ ಮತ್ತು ತತ್ತ್ವಕ್ಕೆ 30, ಕಲಿಸುವ ವಿಧಾನ ಹಾಗೂ ಅದರ ಅಭ್ಯಾಸಕ್ಕೆ 50 ಗಂಟೆ ಮೀಸಲು. ಉಳಿದದ್ದು ಶಾಲೆಯ ಇಚ್ಛೆಗೆ ಬಿಟ್ಟದ್ದು. ಆದರೆ ಕೋರ್ಸ್ ಮುಗಿಸಿದವರನ್ನು ಈ ಸಂಸ್ಥೆ ತಾನೇ ಕೂರಿಸಿ ಪರೀಕ್ಷೆ ಮಾಡುವುದಿಲ್ಲ, ಶಾಲೆ ಹೇಳಿದ್ದನ್ನೇ ನಂಬುತ್ತದೆ. ವಿದೇಶದಲ್ಲಿ, ರೆಸಾರ್ಟುಗಳಲ್ಲಿ ಕಲಿಸುವ ಆಸೆಯಿದ್ದವರಿಗೆ ಈ ನೋಂದಣಿ ಉಪಯೋಗಕ್ಕೆ ಬರುತ್ತದೆ. ಗದಗದಲ್ಲೇ ಕಲಿಸುವವರು ಇದಕ್ಕಾಗಿ ಹೆಚ್ಚು ಹಣ ಸುರಿಯಬೇಕಾಗಿಲ್ಲ.

ಎರಡನೆಯದು ನಮ್ಮ ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯದ ಅಡಿ ಬರುವ ಯೋಗ ಸರ್ಟಿಫಿಕೇಶನ್ ಬೋರ್ಡ್. ಅದರ ಮೆಟ್ಟಿಲುಗಳು ಹೀಗಿವೆ: 200 ಗಂಟೆಯ ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್, 400 ಗಂಟೆಯ ಯೋಗ ವೆಲ್‌ನೆಸ್ ಇನ್‌ಸ್ಟ್ರಕ್ಟರ್, 800 ಗಂಟೆಯ ಯೋಗ ಟೀಚರ್ ಅಂಡ್ ಎವ್ಯಾಲ್ಯುಯೇಟರ್, ಅದರ ಮೇಲೆ ಯೋಗ ಮಾಸ್ಟರ್. ಚಿಕಿತ್ಸಾ ಯೋಗಕ್ಕೆ ಬೇರೆ ಮೆಟ್ಟಿಲುಗಳಿವೆ. ಇಲ್ಲಿ ಲಿಖಿತ ಪರೀಕ್ಷೆಯೂ ಇದೆ, ಪರೀಕ್ಷಕರ ಎದುರು ಆಸನ ಮಾಡಿ ತೋರಿಸಿ, ಕಲಿಸಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬಹಳ ಜನಕ್ಕೆ ತಿಳಿಯದ ಸಂಗತಿಯೆಂದರೆ, ಈ ಪರೀಕ್ಷೆಗೆ ಕೂರಲು ಇಂಥದ್ದೇ ವಸತಿ ಕೋರ್ಸ್ ಮಾಡಿರಲೇಬೇಕೆಂಬ ಕಡ್ಡಾಯವಿಲ್ಲ. ಪಠ್ಯಕ್ರಮ ಬೋರ್ಡಿನ ಜಾಲತಾಣದಲ್ಲಿ ಸಿಗುತ್ತದೆ. ಚೆನ್ನಾಗಿ ಅಭ್ಯಾಸ ಇದ್ದವರು ನೇರವಾಗಿ ಪರೀಕ್ಷೆ ಕಟ್ಟಬಹುದು. ಆದ್ದರಿಂದ ‘ನಮ್ಮಲ್ಲಿ ಸೇರಿದರೆ ಮಾತ್ರ ಸರ್ಕಾರಿ ಪ್ರಮಾಣಪತ್ರ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೋರ್ಡಿನ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯೂ ಅದೇ ಜಾಲತಾಣದಲ್ಲಿದೆ. ಹಣ ಕಟ್ಟುವ ಮೊದಲು ಅಲ್ಲಿ ಹೆಸರು ಹುಡುಕಿ.

ಮಾನ್ಯತೆಯ ಜತೆ ಸಾದಾ ಗುಣಾಕಾರವನ್ನೂ ಮಾಡಿ ನೋಡಿ. ದಿನಕ್ಕೆ ಎಂಟು ಗಂಟೆ ಪಾಠವೆಂದರೆ 200 ಗಂಟೆಗೆ 25 ದಿನ ಬೇಕು. 21 ದಿನದಲ್ಲಿ ಮುಗಿಸಿದರೆ ದಿನಕ್ಕೆ ಒಂಬತ್ತೂವರೆ ಗಂಟೆ. ಹನ್ನೆರಡು ದಿನದಲ್ಲಿ ಇನ್ನೂರು ಗಂಟೆ ಎಂದು ಹೇಳುವವರು ದಿನಕ್ಕೆ ಹದಿನಾರು ಗಂಟೆಗಿಂತ ಹೆಚ್ಚು ಕಲಿಸುತ್ತೇವೆ ಎನ್ನುತ್ತಿದ್ದಾರೆ, ಅಂದರೆ ಕಲಿಸುವುದಿಲ್ಲ. ಅಂಥ ಕಡೆ ಹೋಗಬೇಡಿ.

ಎಲ್ಲಿಗೆ, ಯಾವಾಗ

ಕರ್ನಾಟಕದಲ್ಲಿ ಮೊದಲು ವಿಚಾರಿಸಬೇಕಾದದ್ದು ಆನೇಕಲ್ ತಾಲ್ಲೂಕಿನ ಜಿಗಣಿ ಬಳಿ ಪ್ರಶಾಂತಿ ಕುಟೀರದಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ. ಎಸ್‌–ವ್ಯಾಸ ಎಂದೇ ಎಲ್ಲರಿಗೂ ಪರಿಚಿತ. 2002ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಅಲ್ಲಿನ ಒಂದು ತಿಂಗಳ ವಸತಿ ಕೋರ್ಸು, ವೈಐಸಿ ಎಂದು ಕರೆಯುವ ಯೋಗ ಇನ್‌ಸ್ಟ್ರಕ್ಟರ್ಸ್ ಕೋರ್ಸು, ಬಹುಕಾಲದಿಂದ ನಡೆದುಬಂದಿದೆ. ರೋಗಿಗಳ ವಾರ್ಡು ಅದೇ ಆವರಣದಲ್ಲಿ ಇರುವುದರಿಂದ ಸಕ್ಕರೆ ಕಾಯಿಲೆ, ಬೆನ್ನುನೋವು, ಉಬ್ಬಸ ಇದ್ದವರಿಗೆ ಯಾವ ಅಭ್ಯಾಸ ಹೇಗೆ ಬದಲಾಗುತ್ತದೆ ಎಂಬ ವಿಷಯ ಅಲ್ಲಿನ ಗಾಳಿಯಲ್ಲೇ ಇರುತ್ತದೆ. ಗದಗದಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಬೆಂಗಳೂರು, ಅದೇ ರೈಲು ಮುಂದೆ ಮೈಸೂರಿಗೂ ಹೋಗುತ್ತದೆ.

ಮಹಾರಾಷ್ಟ್ರದ ಲೋನಾವಳಾದಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕಟ್ಟಿದ ಕೈವಲ್ಯಧಾಮ ಇದೆ. ಯೋಗವನ್ನು ಪ್ರಯೋಗಾಲಯದಲ್ಲಿಟ್ಟು ಪರೀಕ್ಷಿಸುವ ಕೆಲಸ ಮೊದಲು ನಡೆದ ಜಾಗಗಳಲ್ಲಿ ಅದು ಒಂದು. ಕೆಲವು ವಾರಗಳ ಸರ್ಟಿಫಿಕೇಟ್ ಕೋರ್ಸಿನಿಂದ ಹಿಡಿದು ಇಡೀ ಶೈಕ್ಷಣಿಕ ವರ್ಷದ ಡಿಪ್ಲೊಮಾವರೆಗಿನ ಕೋರ್ಸುಗಳು ಅಲ್ಲಿವೆ. ಶಾಲೆಗಳಲ್ಲಿ ಕಲಿಸಬೇಕೆಂದು ನಿಶ್ಚಯಿಸಿದವರಿಗೆ ನಾನು ಇದನ್ನೇ ಹೇಳುತ್ತೇನೆ. ಕೇರಳದ ನೆಯ್ಯಾರ್ ಡ್ಯಾಮಿನ ಶಿವಾನಂದ ಆಶ್ರಮದ್ದು ನಾಲ್ಕು ವಾರಗಳ ಕಟ್ಟುನಿಟ್ಟಿನ ಕೋರ್ಸು. ದಿನಕ್ಕೆ ಎರಡು ಆಸನ ತರಗತಿ, ಎರಡೇ ಊಟ, ಬೆಳಿಗ್ಗೆ–ರಾತ್ರಿ ಸತ್ಸಂಗ. ಶಿಸ್ತು ಬೇಕೆನ್ನುವವರಿಗೆ ಚೆನ್ನ. ಸಣ್ಣ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗುವವರಿಗೆ ಕಠಿಣ.

ಪದವಿ ಮುಗಿಸಿದವರು, ಮುಂದೆ ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದವರು ವಸತಿ ಕೋರ್ಸಿಗೇ ಅಂಟಿಕೊಳ್ಳಬೇಕಾಗಿಲ್ಲ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮಾನವ ಪ್ರಜ್ಞೆ ಮತ್ತು ಯೋಗ ವಿಜ್ಞಾನ ವಿಭಾಗ ಇದೆ. ಹತ್ತಿರದ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಯೋಗ ಅಧ್ಯಯನ ವಿಭಾಗ ಇದೆ. ಯೋಗ 2017ರಿಂದ ಯುಜಿಸಿ–ಎನ್‌ಇಟಿ ಪರೀಕ್ಷೆಯ ವಿಷಯವೂ ಆಗಿದೆ. ಇನ್ನು ಯೋಗ–ಪ್ರಕೃತಿ ಚಿಕಿತ್ಸೆಯ ವೈದ್ಯರಾಗಬೇಕೆಂದರೆ ಅದರ ದಾರಿಯೇ ಬೇರೆ: ಐದೂವರೆ ವರ್ಷದ ಬಿಎನ್‌ವೈಎಸ್ ಪದವಿ. ಒಂದು ತಿಂಗಳ ಕೋರ್ಸ್ ಮುಗಿಸಿದವರು ಹೆಸರಿನ ಹಿಂದೆ ‘ಡಾಕ್ಟರ್’ ಹಚ್ಚಿಕೊಳ್ಳುವುದು ವಂಚನೆ. ನಮ್ಮ ಕಡೆ ಅದು ನಡೆಯುತ್ತಿದೆ, ಅದಕ್ಕೇ ಹೇಳಬೇಕಾಗಿದೆ.

ಯಾವಾಗ ಹೋಗಬೇಕೆನ್ನುವುದನ್ನು ಗದಗದ ಎರೆಭೂಮಿಯೇ ತೀರ್ಮಾನಿಸುತ್ತದೆ. ಮುಂಗಾರಿ ಹೆಸರು ಬಿತ್ತುವ ಹೊತ್ತಿನಲ್ಲಿ, ಹಿಂಗಾರಿ ಕಡಲೆ–ಜೋಳ ಬಿತ್ತುವ ಹೊತ್ತಿನಲ್ಲಿ ಮನೆಯಿಂದ ಒಂದು ಆಳು ಕಡಿಮೆಯಾದರೆ ಕಷ್ಟ. ಸುಗ್ಗಿ ಮುಗಿದು ಫೆಬ್ರವರಿಯ ಕೊನೆಗೆ, ಮಾರ್ಚಿನಲ್ಲಿ ಕೈ ಖಾಲಿಯಾಗುತ್ತದೆ. ಆಗ ಹೋದವರು ಏಪ್ರಿಲ್‌ಗೆ ಮರಳುತ್ತಾರೆ, ಎರಡು ತಿಂಗಳು ಊರಲ್ಲಿ ಕಲಿಸಿ ಕೈ ಪಳಗಿಸಿಕೊಳ್ಳಲು ಸಮಯ ಸಿಗುತ್ತದೆ. ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನಕ್ಕೆ ಶಾಲೆ, ಪಂಚಾಯ್ತಿ, ಬ್ಯಾಂಕು, ಪೊಲೀಸ್ ಠಾಣೆ ಎಲ್ಲರೂ ಶಿಕ್ಷಕರನ್ನು ಹುಡುಕುತ್ತಾರೆ. ಹೊಸ ಶಿಕ್ಷಕರು ಜನರ ಕಣ್ಣಿಗೆ ಬೀಳುವುದಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಆ ದಿನದ ಸಾಮಾನ್ಯ ಯೋಗ ಶಿಷ್ಟಾಚಾರ, ಅಂದರೆ ಸಡಿಲಗೊಳಿಸುವ ಚಲನೆಗಳಿಂದ ಹಿಡಿದು ತಾಡಾಸನ, ಭುಜಂಗಾಸನ, ಶವಾಸನ, ನಾಡಿಶೋಧನ, ಭ್ರಾಮರಿಯವರೆಗಿನ 45 ನಿಮಿಷದ ಕ್ರಮ, ನಿದ್ದೆಗಣ್ಣಲ್ಲೂ ಬಾಯಿಗೆ ಬರುವಂತಿರಬೇಕು.

ಹೊರಡುವ ಮೊದಲು

ಕನಿಷ್ಠ ಮೂರು ತಿಂಗಳು ಮನೆಯಲ್ಲಿ ತಯಾರಿ ಬೇಕು. ಆಸನಕ್ಕಿಂತ ಮೊದಲು ನೆಲದ ಮೇಲೆ ಕೂರುವ ಅಭ್ಯಾಸ ಮಾಡಿ. ವಸತಿ ಕೋರ್ಸಿನಲ್ಲಿ ಪಾಠ, ಊಟ, ಧ್ಯಾನ ಎಲ್ಲವೂ ನೆಲದ ಮೇಲೇ. ಮೊದಲ ವಾರ ಬಹಳ ಜನ ಸೋಲುವುದು ಶೀರ್ಷಾಸನದಲ್ಲಲ್ಲ, ಮುಕ್ಕಾಲು ಗಂಟೆ ಬೆನ್ನು ನೆಟ್ಟಗೆ ಇಟ್ಟು ಕೂರುವುದರಲ್ಲಿ. ಪದ್ಮಾಸನವೇ ಆಗಬೇಕೆಂದು ಮೊಣಕಾಲು ಒತ್ತಬೇಡಿ, ಸುಖಾಸನ ಸಾಕು. ದಿನಾ ಬೆಳಿಗ್ಗೆ ಐದಕ್ಕೆ ಏಳಿ. ರಾತ್ರಿ ಹತ್ತಕ್ಕೆ ಮೊಬೈಲ್ ಮುಚ್ಚಿಡಿ. ರಕ್ತದೊತ್ತಡ, ಸಕ್ಕರೆ, ಬೆನ್ನು, ಕಣ್ಣು ಇವುಗಳಲ್ಲಿ ಏನಾದರೂ ತೊಂದರೆ ಇದ್ದರೆ ವೈದ್ಯರಿಗೆ ತೋರಿಸಿ, ಚೀಟಿಯನ್ನು ಜತೆಗೆ ಒಯ್ಯಿರಿ. ಮುಚ್ಚಿಡುವುದು ಅಪಾಯ: ಕಣ್ಣಿನ ಒತ್ತಡ ಇದ್ದವರಿಗೆ ತಲೆಕೆಳಗಾದ ಆಸನಗಳು, ಹೆಚ್ಚು ರಕ್ತದೊತ್ತಡ ಇಲ್ಲವೆ ಹರ್ನಿಯಾ ಇದ್ದವರಿಗೆ ಕಪಾಲಭಾತಿ ಕೆಡುಕು ಮಾಡಬಲ್ಲವು.

ಭಾಷೆಯ ಅಂಜಿಕೆ ನಮ್ಮವರಿಗೆ ದೊಡ್ಡದು. ಬಹುತೇಕ ಕೋರ್ಸುಗಳ ಪಾಠ ಇಂಗ್ಲಿಷಿನಲ್ಲಿ, ಕೆಲವು ಹಿಂದಿಯಲ್ಲಿ. ಆದರೆ ಆಸನ, ಪ್ರಾಣಾಯಾಮ, ಯಮ, ನಿಯಮ, ಚಿತ್ತ, ವೃತ್ತಿ ಇವೆಲ್ಲ ಕನ್ನಡಿಗರ ಕಿವಿಗೆ ಪರಿಚಿತ ಮಾತುಗಳು. ಹೊರದೇಶದಿಂದ ಬಂದವರಿಗೆ ಒಂದು ವಾರ ಹಿಡಿಯುವುದು ನಿಮಗೆ ಒಂದು ತಾಸಿನಲ್ಲಿ ಬರುತ್ತದೆ. ಕಾಡುವುದು ಶರೀರಶಾಸ್ತ್ರದ ಹೆಸರುಗಳು. ಅದಕ್ಕೆ ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ ಪುಸ್ತಕಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡೂ ಮಾಧ್ಯಮದಲ್ಲಿ ತಂದು ಅಕ್ಕಪಕ್ಕ ಇಟ್ಟುಕೊಂಡು ಓದಿ. ಉಸಿರಾಟ, ರಕ್ತಪರಿಚಲನೆ, ನರವ್ಯೂಹ ಇಷ್ಟು ಅರ್ಥವಾದರೆ ಮುಕ್ಕಾಲು ಕೆಲಸ ಆಯಿತು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಸೇರುವ ಮೊದಲೇ ಕೇಳಿ. ಕೇಳಲು ನಾಚಿಕೆ ಬೇಡ.

ಊಟದ ಬಗ್ಗೆಯೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಸಂಜೆ ಗದುಗಿನ ಮಿರ್ಚಿ ಬಜ್ಜಿ ತಿಂದು ಬೆಳೆದ ಹೊಟ್ಟೆಗೆ ಉಳ್ಳಾಗಡ್ಡಿ–ಬಳ್ಳೊಳ್ಳಿ ಇಲ್ಲದ ಸಪ್ಪೆ ಅನ್ನ–ಬೇಳೆ ನಾಲ್ಕೈದು ದಿನ ಒಗ್ಗುವುದಿಲ್ಲ. ಅದು ಸಹಜ, ಒಂದು ವಾರ ತಾಳಿಕೊಂಡರೆ ಹೊಂದಿಕೊಳ್ಳುತ್ತದೆ. ಮನೆಯಿಂದ ಖಾರದ ಡಬ್ಬಿ ಒಯ್ದರೆ ಶರೀರಶುದ್ಧಿಯ ಕ್ರಿಯೆಗಳ ದಿನ ಹೊಟ್ಟೆ ಕೆಡುತ್ತದೆ.

ಹಣದ ವಿಚಾರದಲ್ಲಿ ಬಾಯಿಮಾತು ನಂಬಬೇಡಿ. ಹೇಳಿದ ಶುಲ್ಕದಲ್ಲಿ ಊಟ, ವಸತಿ, ಪುಸ್ತಕ, ತೆರಿಗೆ, ಪರೀಕ್ಷಾ ಶುಲ್ಕ ಎಲ್ಲ ಸೇರಿವೆಯೇ? ಬೋರ್ಡಿನ ಪರೀಕ್ಷೆಗೆ ಬೇರೆ ಕಟ್ಟಬೇಕೇ? ಕಾಯಿಲೆಯಾಗಿ ಅರ್ಧಕ್ಕೆ ಮರಳಿದರೆ ಎಷ್ಟು ವಾಪಸ್? ಇಷ್ಟನ್ನೂ ಬರಹದಲ್ಲಿ ತರಿಸಿಕೊಳ್ಳಿ. ಸಾಲ ಮಾಡಿ ದುಬಾರಿ ಕೋರ್ಸಿಗೆ ಹೋಗುವುದು ಬೇಡ. ಯಾಕೆಂದು ಮುಂದೆ ಹೇಳುತ್ತೇನೆ.

ಹೆಣ್ಣುಮಕ್ಕಳು ಇನ್ನೂ ಕೆಲವನ್ನು ವಿಚಾರಿಸಬೇಕು. ಮಹಿಳೆಯರ ವಸತಿ ಬೇರೆ ಇದೆಯೇ, ಮಹಿಳಾ ಶಿಕ್ಷಕರು ಎಷ್ಟು ಮಂದಿ, ಮುಟ್ಟಿನ ದಿನಗಳಲ್ಲಿ ಅಭ್ಯಾಸ ಬಿಡಲು ಅವಕಾಶ ಉಂಟೇ, ದೂರು ಕೇಳುವ ಸಮಿತಿ ಇದೆಯೇ. ಆಸನ ತಿದ್ದುವಾಗ ಮೈ ಮುಟ್ಟುವ ಮೊದಲು ಶಿಕ್ಷಕರು ಒಪ್ಪಿಗೆ ಕೇಳಬೇಕು. ‘ಗುರು ಮುಟ್ಟಿದರೆ ಪ್ರಶ್ನೆ ಮಾಡಬಾರದು’ ಎನ್ನುವ ಜಾಗದಲ್ಲಿ ಒಂದು ದಿನವೂ ಇರಬೇಡಿ. ಸಾಧ್ಯವಿದ್ದರೆ ಊರಿನ ಇಬ್ಬರು ಜತೆಯಾಗಿ ಹೋಗಿ. ಮರಳಿದ ಮೇಲೆ ತರಗತಿ ನಡೆಸಲೂ ಇಬ್ಬರಿದ್ದರೆ ಅನುಕೂಲ.

ಆ ಒಂದು ತಿಂಗಳು

ನಸುಕಿನ ನಾಲ್ಕೂವರೆ–ಐದಕ್ಕೆ ಗಂಟೆ ಬಾರಿಸುತ್ತದೆ. ಪ್ರಾರ್ಥನೆ, ಕ್ರಿಯೆ, ಆಸನ, ತಿಂಡಿ, ಉಪನ್ಯಾಸ, ಪ್ರಾಣಾಯಾಮ, ಊಟ, ಮತ್ತೆ ಉಪನ್ಯಾಸ, ಕಸ ಗುಡಿಸುವ–ಪಾತ್ರೆ ತೊಳೆಯುವ ಕರ್ಮಯೋಗ, ಸಂಜೆಯ ಅಭ್ಯಾಸ, ಭಜನೆ, ಒಂಬತ್ತೂವರೆಗೆ ದೀಪ ಆರಿಸುವುದು. ಸಂಸ್ಥೆ ಯಾವುದೇ ಇರಲಿ, ಕ್ರಮ ಸುಮಾರು ಹೀಗೇ. ಓದಿಗೆ ಪತಂಜಲಿಯ ಯೋಗಸೂತ್ರದ ನಾಲ್ಕು ಪಾದಗಳು, ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆ, ಘೇರಂಡ ಸಂಹಿತೆ, ಭಗವದ್ಗೀತೆಯ ಭಾಗಗಳು ಬರುತ್ತವೆ. ಮೊದಲ ವಾರ ಮೈ ನೋವು, ಎರಡನೇ ವಾರ ಮನೆಯ ನೆನಪು. ಮೂರನೆಯ ವಾರದಿಂದ ನಿಜವಾದ ಕಲಿಕೆ.

ಕ್ರಿಯೆಗಳ ಬಗ್ಗೆ ಒಂದು ಎಚ್ಚರಿಕೆ. ಮೂಗು ತೊಳೆಯುವ ಜಲನೇತಿಯ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ಲೀಟರಿಗೆ ಸುಮಾರು 9 ಗ್ರಾಂ ಉಪ್ಪು. ನಲ್ಲಿಯ ನೀರು, ಕೆರೆಯ ನೀರು ಮೂಗಿಗೆ ಏರಿಸಿದರೆ ಅಪರೂಪಕ್ಕಾದರೂ ಮಿದುಳಿಗೆ ಹೋಗಿ ಪ್ರಾಣ ತೆಗೆಯುವ ಅಮೀಬಾ ಸೋಂಕು ತಗಲಬಹುದು. ಉಪ್ಪುನೀರು ಕುಡಿದು ಕರುಳು ತೊಳೆಯುವ ಶಂಖಪ್ರಕ್ಷಾಲನವನ್ನು ಶಿಬಿರದಲ್ಲಿ ಒಮ್ಮೆ ಮಾಡಿದ ಧೈರ್ಯದಲ್ಲಿ ಊರಿಗೆ ಬಂದು ಬೇರೆಯವರಿಗೆ ಮಾಡಿಸಬೇಡಿ. ಅಷ್ಟೊಂದು ಉಪ್ಪುನೀರು ರಕ್ತದೊತ್ತಡ ಇದ್ದವರಿಗೆ, ಮೂತ್ರಪಿಂಡ ಸರಿಯಿಲ್ಲದವರಿಗೆ ವಿಷವಾಗುತ್ತದೆ.

ಪಾಠ ಮಾಡುವ ಸರದಿ ಬಂದಾಗ ಹಿಂದೆ ಸರಿಯಬೇಡಿ. ಇದಕ್ಕಾಗಿಯೇ ಹೋಗಿರುವುದು. ಸಹಪಾಠಿಗಳೆಲ್ಲ ಬಗ್ಗುವ ಮೈಯವರು, ಅವರಿಗೆ ಕಲಿಸುವುದು ಸುಲಭ. ಅಡುಗೆಮನೆಯಲ್ಲಿ, ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿಕೊಂಡು ಅವರಿಗೊಮ್ಮೆ ಕಲಿಸಿ ನೋಡಿ. ಕುಳಿತು ಕಳೆ ತೆಗೆದು ಮೊಣಕಾಲು ಸವೆದವರು, ಹೊರೆ ಹೊತ್ತು ಸೊಂಟ ಬಿಗಿದವರು ಹೇಗೆ ಬಾಗುತ್ತಾರೆ, ಎಲ್ಲಿ ತಡೆಯುತ್ತಾರೆ ಎಂಬುದು ಕಾಣುತ್ತದೆ. ಅಸುಂಡಿಯಲ್ಲಿ ನಿಮ್ಮ ಎದುರು ಕೂರುವವರು ಅಂಥವರೇ. ಪ್ರತಿಯೊಂದು ಆಸನಕ್ಕೂ ಮೂರು ರೂಪ ಬರೆದಿಟ್ಟುಕೊಳ್ಳಿ: ಪೂರ್ತಿ ರೂಪ, ಗೋಡೆ ಹಿಡಿದು ಮಾಡುವ ರೂಪ, ಕುರ್ಚಿಯ ಮೇಲೆ ಮಾಡುವ ರೂಪ. ಶಿಬಿರದಿಂದ ತರುವ ನೋಟ್‌ಬುಕ್ಕಿನಲ್ಲಿ ಇದಕ್ಕಿಂತ ಬೆಲೆಬಾಳುವ ಪುಟಗಳಿಲ್ಲ.

ಸೂಚನೆಗಳನ್ನು ರಾತ್ರಿ ಮಲಗುವ ಮೊದಲು ನಮ್ಮ ಮಾತಿಗೆ ತಂದುಕೊಳ್ಳಿ. ಪುಸ್ತಕದ ಕನ್ನಡದಲ್ಲಿ ‘ಶ್ವಾಸವನ್ನು ಪೂರಕ ಮಾಡುತ್ತಾ ಬಾಹುಗಳನ್ನು ಊರ್ಧ್ವಮುಖವಾಗಿಸಿ’ ಎಂದರೆ ಅಸುಂಡಿಯ ಅಜ್ಜಿ ಸುಮ್ಮನೆ ಮುಖ ನೋಡುತ್ತಾರೆ. ‘ಉಸುರು ಒಳಗ ತಗೋತ ಎರಡೂ ಕೈ ಮ್ಯಾಲೆ ಎತ್ರಿ. ಈಗ ಉಸುರು ಬಿಡ್ತ ಮುಂದಕ್ಕ ಬಾಗ್ರಿ. ಮೊಣಕಾಲ ಮಡಚಿದ್ರೂ ನಡೀತೈತಿ, ಜಗ್ಗಬ್ಯಾಡ್ರಿ’ ಎಂದರೆ ಕೈ ತಾನಾಗಿ ಮೇಲೇಳುತ್ತದೆ. ಒಂದು ಉಸಿರಿಗೆ ಒಂದೇ ಸೂಚನೆ. ಮೊದಲು ಉಸಿರು ಹೇಳಿ, ಆಮೇಲೆ ಅಂಗ, ಆಮೇಲೆ ದಿಕ್ಕು. ಇದನ್ನು ಜೋರಾಗಿ ಹೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಂಡರೆ ತಪ್ಪು ತಾನೇ ತಿಳಿಯುತ್ತದೆ.

ಮರಳಿದ ಮೇಲೆ

ಆದಾಯದ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಆಯುಷ್ ಆರೋಗ್ಯ ಕೇಂದ್ರಗಳಿಗೆ ಅರೆಕಾಲಿಕ ಯೋಗ ತರಬೇತುದಾರರನ್ನು ತೆಗೆದುಕೊಳ್ಳಲು ಕೇಂದ್ರದ ಮಾರ್ಗಸೂಚಿ ಹಾಕಿಕೊಟ್ಟ ಲೆಕ್ಕ ತರಗತಿಗೆ 250 ರೂಪಾಯಿ: ಪುರುಷರಿಗೆ ತಿಂಗಳಿಗೆ 32 ತರಗತಿ, 8,000 ರೂಪಾಯಿ; ಮಹಿಳೆಯರಿಗೆ 20 ತರಗತಿ, 5,000 ರೂಪಾಯಿ. ಇದು ಗೌರವಧನ, ಸಂಬಳವಲ್ಲ. ಹೆಣ್ಣುಮಕ್ಕಳಿಗೆ ಕಡಿಮೆ ತರಗತಿ ಕೊಟ್ಟದ್ದು ನ್ಯಾಯವಲ್ಲ ಎಂದು ನನಗೆ ಅನಿಸುತ್ತದೆ. ನೇಮಕದ ಪ್ರಕಟಣೆಗಾಗಿ ಜಿಲ್ಲಾ ಆಯುಷ್ ಅಧಿಕಾರಿಗಳ ಕಚೇರಿಯಲ್ಲಿ ಆಗಾಗ ವಿಚಾರಿಸುತ್ತಿರಿ. ಸಾಲ ಮಾಡಬೇಡಿ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ: ಈ ಗೌರವಧನದಲ್ಲಿ ದುಬಾರಿ ಕೋರ್ಸಿನ ಸಾಲ ತೀರಿಸಲು ವರ್ಷಗಳೇ ಹಿಡಿಯುತ್ತವೆ. ಗದಗ–ಬೆಟಗೇರಿಯಲ್ಲಿ ಎರಡು ಮನೆಪಾಠ, ಒಂದು ಖಾಸಗಿ ಶಾಲೆ, ಊರಿನ ಬೆಳಗಿನ ತರಗತಿ ಸೇರಿದರೆ ಹೊಲಮನೆಯ ಆದಾಯದ ಜತೆಗೆ ಒಂದು ಆಸರೆಯಾಗುತ್ತದೆ. ಅಷ್ಟನ್ನು ನಿರೀಕ್ಷಿಸಬಹುದು.

ಯೋಗಾಸನಕ್ಕೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ಪರ್ಧಾತ್ಮಕ ಕ್ರೀಡೆಯ ಮಾನ್ಯತೆ ಕೊಟ್ಟಿದೆ. ಹಳ್ಳಿಯ ಮಕ್ಕಳ ಮೈ ಚೆನ್ನಾಗಿ ಬಗ್ಗುತ್ತದೆ, ಕಲಿಸುವವರಿದ್ದರೆ ತಾಲ್ಲೂಕು, ಜಿಲ್ಲಾ ಮಟ್ಟದ ಸ್ಪರ್ಧೆಗೆ ಹೋಗುತ್ತಾರೆ. ಹೊಸ ಶಿಕ್ಷಕರಿಗೆ ಇದು ಒಳ್ಳೆಯ ದಾರಿ. ಆದರೆ ಪದಕದ ಆಸೆಗೆ ಎಂಟು ವರ್ಷದ ಮಗುವಿನ ಬೆನ್ನು ಹಿಂದಕ್ಕೆ ಮಡಚಬೇಡಿ.

ಊರಲ್ಲಿ ತರಗತಿ ಶುರು ಮಾಡುವಾಗ ಶಾಲೆಯ ಅಂಗಳಕ್ಕೆ ಎಸ್‌ಡಿಎಂಸಿಯವರ, ಸಮುದಾಯ ಭವನಕ್ಕೆ ಪಂಚಾಯ್ತಿಯವರ ಒಪ್ಪಿಗೆ ಪಡೆಯಿರಿ. ಗುಡಿಯ ಅಂಗಳವಾದರೆ ಎಲ್ಲ ಓಣಿಯವರೂ ಮುಜುಗರವಿಲ್ಲದೆ ಒಳಗೆ ಬರುತ್ತಾರೆಯೇ ಎಂದು ನೋಡಿಕೊಳ್ಳಿ. ಒಬ್ಬರಿಗೆ ಹಿಂಜರಿಕೆ ಇದ್ದರೂ ಶಾಲೆಯೇ ಮೇಲು. ಗಂಡಸರಿಗೆ, ಮಕ್ಕಳಿಗೆ ಬೆಳಿಗ್ಗೆ ಐದೂವರೆ ಸರಿ. ಅದೇ ಹೊತ್ತಿಗೆ ಹೆಣ್ಣುಮಕ್ಕಳನ್ನು ಕರೆದರೆ ಯಾರೂ ಬರುವುದಿಲ್ಲ. ಆಗ ನೀರು ತುಂಬುವುದು, ಹಾಲು ಹಿಂಡುವುದು, ರೊಟ್ಟಿ ಬಡಿಯುವುದು ಇರುತ್ತದೆ. ಅವರಿಗೆ ಮಧ್ಯಾಹ್ನ ಮೂರರಿಂದ ನಾಲ್ಕು ಬಿಡುವಿನ ಹೊತ್ತು. ಊಟವಾಗಿ ಮೂರು ತಾಸು ಆಗದಿದ್ದರೆ ಆಸನ ಬೇಡ, ಸಡಿಲಗೊಳಿಸುವ ಚಲನೆ, ಉಸಿರಾಟ, ಶವಾಸನ ಸಾಕು. ಮೈಗೆ ಅಂಟಿದ ಬಟ್ಟೆ, ದುಬಾರಿ ಚಾಪೆ ಬೇಕೆಂದು ಹಟ ಹಿಡಿಯಬೇಡಿ. ಚೂಡಿದಾರ ಇಲ್ಲವೆ ಕಚ್ಚೆ ಹಾಕಿದ ಸೀರೆ ಸಾಕು, ಮನೆಯ ಜಮಖಾನೆ ಸಾಕು.

ಮೊದಲ ದಿನ ಪ್ರತಿಯೊಬ್ಬರ ಹೆಸರು, ವಯಸ್ಸು, ಕಾಯಿಲೆ, ಆಗಿರುವ ಆಪರೇಶನ್, ನುಂಗುವ ಗುಳಿಗೆ ಇಷ್ಟನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿ. ಬಸುರಿಯರನ್ನು ವೈದ್ಯರ ಮಾತಿಲ್ಲದೆ ಸೇರಿಸಿಕೊಳ್ಳಬೇಡಿ. ಎರಡು ತಿಂಗಳು ಕಳೆದ ಮೇಲೆ ಯಾರಾದರೂ ಬಂದು ‘ಸಕ್ಕರಿ ಕಡಿಮಿ ಆಗೇತ್ರಿ, ಗುಳಿಗಿ ಬಿಡ್ಲೇನ್ರಿ?’ ಎಂದು ಕೇಳುತ್ತಾರೆ. ಖಂಡಿತ ಕೇಳುತ್ತಾರೆ. ಆಗ ನಿಮ್ಮ ಉತ್ತರ ಒಂದೇ: ‘ಡಾಕ್ಟರ್ ಹೇಳೂತನಕ ಬಿಡಬ್ಯಾಡ್ರಿ.’ ಇಷ್ಟು ಹೇಳುವ ಧೈರ್ಯ ಇಲ್ಲದವರು ಶಿಕ್ಷಕರಾಗಬಾರದು.

ಮುಂದಿನ ಮಾರ್ಚಿಗೆ ಹೋಗಬೇಕೆನ್ನುವವರು ದೀಪಾವಳಿಯೊಳಗೆ ಎರಡು ಮೂರು ಸಂಸ್ಥೆಗಳಿಗೆ ಬರೆದು ದಿನಾಂಕ, ಶುಲ್ಕ, ಭಾಷೆ ವಿಚಾರಿಸಿಕೊಳ್ಳಿ. ಅಲ್ಲಿ ಈಗಾಗಲೇ ಕಲಿತು ಬಂದ ಒಬ್ಬರನ್ನಾದರೂ ಹುಡುಕಿ ಮಾತಾಡಿ. ಅವರು ಈಗ ಎಲ್ಲಿ, ಯಾರಿಗೆ ಕಲಿಸುತ್ತಿದ್ದಾರೆ ಎಂದು ಕೇಳಿ. ಅವರು ಕಲಿಸುವ ತರಗತಿಗೆ ಒಂದು ದಿನ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ, ಆಮೇಲೆ ಹಣ ಕಟ್ಟಿ.